ಡೈರೆಕ್ಟರಿಯವರು ಜನರನ್ನು ಗುರುತಿಸಿದ್ದು

ನಗರಸಭೆಯ ಜನನ ಮರಣ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತರಾಗಿದ್ದ ಒಬ್ಬರನ್ನು ಊರೆಲ್ಲ ಡೈರೆಕ್ಟರಿ ಎಂದು ಕರೆಯುತ್ತಿತ್ತು. ಇಟ್ಟವರು ಗೇಲಿಗೆ ಇಟ್ಟ ಹೆಸರು ಅದು. ಇಡಿಸಿಕೊಂಡವರು ಬಿರುದು ಎಂದು ತಿಳಿದಿದ್ದರು. ಈ ಊರಿಗೆ ಬರುವವರಾಗಲಿ, ಊರು ಬಿಟ್ಟು ಮೇಲಕ್ಕೆ ಹೋಗುವವರಾಗಲಿ ನನ್ನ ಮೇಜು ದಾಟಿಯೇ ಹೋಗಬೇಕು ಎನ್ನುವುದು ಅವರ ಮಾತು. ದಾರಿಯಲ್ಲಿ ಹೋಗುವ ಮನುಷ್ಯನನ್ನು ನಿಲ್ಲಿಸಿ, ಬರುವ ಹನ್ನೊಂದನೇ ತಾರೀಖಿಗೆ ನಿಮಗೆ ನಲವತ್ತೆಂಟು ತುಂಬುತ್ತದಲ್ಲವೇ ಎಂದು ಕೇಳುವರು. ಅವನ ಮುಖ ಬಾಡಿದರೆ ಅದು ತಮ್ಮ ಜ್ಞಾನಕ್ಕೆ ಸಂದ ಗೌರವ. ಹುಟ್ಟಿದ ತಾರೀಖು ಗೊತ್ತಿದ್ದರೆ ಮನುಷ್ಯನೇ ಗೊತ್ತಿದ್ದಂತೆ ಎಂದು ಅವರು ಮನಸಾರೆ ನಂಬಿದ್ದರು. ಈ ಕಥೆಯನ್ನು ಈಗ ಅವರೇ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ನಗುವುದರಿಂದ ನಾವು ಹೇಳಲು ನಾಚಬೇಕಾದ್ದಿಲ್ಲ.

ಆ ವರ್ಷ ನಗರಸಭೆಗೆ ಎಪ್ಪತ್ತೈದು ತುಂಬಿತು. ಕಟ್ಟಡಕ್ಕೆ ಸುಣ್ಣ ಬಣ್ಣ ಆಯಿತು. ಹೊಸದಾಗಿ ಬಂದ ಆಯುಕ್ತ ಮೇಡಂ ಸಿಬ್ಬಂದಿಯನ್ನೆಲ್ಲ ಸಭೆ ಕರೆದು, ಸಮಾರಂಭದಲ್ಲಿ ಯಾರ್ಯಾರನ್ನು ಸನ್ಮಾನಿಸಬೇಕು ಎಂಬ ಪಟ್ಟಿ ಓದಿದರು. ಅದರಲ್ಲಿ ಒಂದು ಬಾಬು ಹೀಗಿತ್ತು: ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಮುಂತಾದ ಲೈಂಗಿಕ ಅಲ್ಪಸಂಖ್ಯಾತರಲ್ಲಿ ಊರಿನ ಸಾರ್ವಜನಿಕ ಬದುಕಿನ ಮೇಲೆ ಪ್ರಭಾವ ಬೀರಿದವರನ್ನು ಗುರುತಿಸುವುದು. ಈ ಕೆಲಸ ಯಾರು ವಹಿಸಿಕೊಳ್ಳುತ್ತೀರಿ ಎಂದು ಮೇಡಂ ಕೇಳಿದಾಗ ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಪೆನ್ನುಗಳನ್ನು ಪರೀಕ್ಷಿಸತೊಡಗಿದರು.

ಡೈರೆಕ್ಟರಿಯವರು ಎದ್ದು ನಿಂತರು. "ಗುರುತಿಸೋದು ತಾನೇ ಮೇಡಂ? ನನಗೆ ಬಿಡಿ. ಈ ಊರಲ್ಲಿ ನನ್ನ ಕಣ್ಣು ತಪ್ಪಿಸಿ ಒಬ್ಬ ಮನುಷ್ಯ ಬದುಕಿಲ್ಲ."

ಮೇಡಂ ಸಂತೋಷಪಟ್ಟು ಎರಡು ಪುಟದ ಸುತ್ತೋಲೆ ಕೊಟ್ಟರು. ಡೈರೆಕ್ಟರಿಯವರು ಮೊದಲ ಪುಟ ಓದಿ ಮಡಚಿ ಜೇಬಿನಲ್ಲಿಟ್ಟರು. ಎರಡನೇ ಪುಟಗಳಲ್ಲಿ ಮೊದಲ ಪುಟ ತಿಳಿಯದೇ ಹೋದವರಿಗಾಗಿ ವಿವರಣೆ ಇರುತ್ತದೆ ಎನ್ನುವುದು ಅವರ ಇಪ್ಪತ್ತಾರು ವರ್ಷದ ಅನುಭವ.

ಒಂದು ಮಾತು ಇಲ್ಲೇ ಹೇಳಬೇಕು. ಡೈರೆಕ್ಟರಿಯವರಿಗೆ ಯಾರ ಮೇಲೂ ಕೆಟ್ಟ ಮನಸ್ಸಿರಲಿಲ್ಲ. ಇಂಥವರಿಗೆ ಗೌರವ ಸಲ್ಲಲೇಬೇಕು, ಇಷ್ಟು ದಿನ ಸಲ್ಲದಿದ್ದದ್ದೇ ತಪ್ಪು ಎಂದು ಅವರು ಚಹಾದ ಅಂಗಡಿಯಲ್ಲಿ ವಾದಿಸಿ ಇಬ್ಬರನ್ನು ಸೋಲಿಸಿದ್ದರು. ಅವರಲ್ಲಿ ಕೊರತೆ ಇದ್ದದ್ದು ದಡ್ಡತನದ್ದಲ್ಲ, ಅದು ಯಥೇಚ್ಛವಾಗಿಯೇ ಇತ್ತು. ಗುರುತಿಸುವುದು ಎಂದರೆ ಪತ್ತೆ ಹಚ್ಚುವುದು ಎಂದು ಅರ್ಥ ಮಾಡಿಕೊಂಡರು, ಅಷ್ಟೇ. ಪತ್ತೆ ಹಚ್ಚಲು ಒಂದು ನೋಟ್‌ಬುಕ್ ಕೊಂಡರು. ಮೊದಲ ಹಾಳೆಯಲ್ಲಿ ಮೂರು ಲಕ್ಷಣ ಬರೆದರು. ಒಂದು, ನಲವತ್ತು ದಾಟಿದರೂ ಮದುವೆ ಇಲ್ಲ. ಎರಡು, ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಬಹುಕಾಲದಿಂದ ಒಂದೇ ಮನೆ. ಮೂರು, ಇಸ್ತ್ರಿ ಮಾಡಿದ ಬಟ್ಟೆ. ಮೂರನೆಯದು ಎಲ್ಲಿಂದ ಬಂತೋ ಅವರಿಗೂ ಗೊತ್ತಿರಲಿಲ್ಲ. ಪಟ್ಟಿ ಎಂದ ಮೇಲೆ ಮೂರಾದರೂ ಇರಬೇಕಲ್ಲ.

ಭಾನುವಾರ ಎಂದಿನಂತೆ ಅಕ್ಕನ ಮನೆಗೆ ಊಟಕ್ಕೆ ಹೋದರು. ಈ ಅಕ್ಕ ನೀರು ಸರಬರಾಜು ವಿಭಾಗದ ಎಂಜಿನಿಯರ್ ಆಗಿ ನಿವೃತ್ತರಾದವರು. ಗುಡ್ಡದ ಮೇಲಿನ ಬೀದಿಗಳಿಗೆ ಮೂರು ದಿನಕ್ಕೊಮ್ಮೆ ಕೆಮ್ಮುತ್ತ ಬರುತ್ತಿದ್ದ ನಲ್ಲಿಯನ್ನು ದಿನಾ ಹರಿಯುವ ಹಾಗೆ ಮಾಡಿದವರು ಅವರೇ. ಊರಿಗೆಲ್ಲ ನೀರಕ್ಕ. ಅದೇ ಮನೆಯಲ್ಲಿ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುವ ಟೀಚರ್ ಒಬ್ಬರಿದ್ದರು. ಇಪ್ಪತ್ತೆರಡು ವರ್ಷದಿಂದ ಇದ್ದರು. ಡೈರೆಕ್ಟರಿಯವರು ಅವರನ್ನು ಎಲ್ಲರಿಗೂ ಪರಿಚಯಿಸುತ್ತಿದ್ದದ್ದು ಅಕ್ಕನ ಬಾಡಿಗೆಯವರು ಎಂದು.

ಊಟದ ನಡುವೆ ನೋಟ್‌ಬುಕ್ ತೆಗೆದು ಮೂರೂ ಲಕ್ಷಣಗಳನ್ನು ಗಟ್ಟಿಯಾಗಿ ಓದಿ, ನಿಮಗೆ ಯಾರಾದರೂ ಹೊಳೆದರೆ ಹೇಳಿ ಎಂದರು. ಟೀಚರ್‌ಗೆ ನೀರು ನೆತ್ತಿಗೇರಿತು. ನೀರಕ್ಕ ಅವರ ಬೆನ್ನು ತಟ್ಟುತ್ತ ತಮ್ಮನ ಮುಖವನ್ನೇ ನೋಡಿದರು. ಇವನು ಬೇಕೆಂದೇ ಕಾಲು ಕೆದರುತ್ತಿದ್ದಾನೋ ಅಥವಾ ನಿಜವಾಗಿಯೂ ಹೀಗೆಯೋ ಎಂದು ಅವರಿಗೆ ತಿಳಿಯಲಿಲ್ಲ.

"ಎರಡನೇ ಲಕ್ಷಣ ಇನ್ನೊಂದು ಸಲ ಓದು" ಎಂದರು.

ಓದಿದರು.

"ಮದುವೆ ಆಗದ ಇಬ್ಬರು ಹೆಂಗಸರು, ಒಂದೇ ಮನೆ, ಬಹಳ ವರ್ಷದಿಂದ. ಯಾರೂ ಹೊಳೀತಿಲ್ವಾ ನಿನಗೆ?"

ಡೈರೆಕ್ಟರಿಯವರು ಕಣ್ಣು ಮುಚ್ಚಿ ಊರಿನ ಹದಿನಾರು ವಾರ್ಡುಗಳನ್ನೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದರು. "ಇಲ್ಲ ಅಕ್ಕ. ನಮ್ಮ ಊರಲ್ಲಿ ಅಂಥ ಮನೆ ಇಲ್ಲ. ಇದ್ದಿದ್ದರೆ ನನಗೆ ಗೊತ್ತಿರುತ್ತಿತ್ತು." ಟೀಚರ್ ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದ ಪಾತ್ರೆ ಬಿದ್ದ ಸದ್ದೋ ನಕ್ಕ ಸದ್ದೋ ಕೇಳಿಸಿತು. ಡೈರೆಕ್ಟರಿಯವರು ಪಾತ್ರೆ ಎಂದು ಗುರುತಿಸಿದರು.

ಮರುದಿನ ಕ್ಷೇತ್ರಕಾರ್ಯ ಶುರುವಾಯಿತು. ಮೊದಲು ಸಿಕ್ಕವರು ನಿವೃತ್ತ ಹೆಡ್‌ಮಾಸ್ತರರು. ವಯಸ್ಸು ಅರವತ್ತೆಂಟು, ಮದುವೆ ಇಲ್ಲ, ಕರವಸ್ತ್ರಕ್ಕೂ ಇಸ್ತ್ರಿ. ಡೈರೆಕ್ಟರಿಯವರು ಬಹಳ ನಾಜೂಕಿನಿಂದ ವಿಷಯ ಎತ್ತಿದರು. ಸಾರ್, ತಾವು ಒಂಟಿಯಾಗಿಯೇ ಉಳಿದಿರಲ್ಲ, ಅದಕ್ಕೆ ಕಾರಣವೇನಾದರೂ ಇದೆಯೇ, ಇದ್ದರೆ ಸಂಕೋಚ ಬೇಡ, ಈಗ ಕಾಲ ಬದಲಾಗಿದೆ ಎಂದರು. ಹೆಡ್‌ಮಾಸ್ತರರ ಕಿವಿ ಕೆಂಪಾಯಿತು. ಕಾರಣ ಏನಿಲ್ಲ, ಯಾರೂ ಕೇಳಲಿಲ್ಲ ಎಂದು ನೆಲ ನೋಡುತ್ತ ಹೇಳಿದರು. ಆಮೇಲೆ ಕೇಳಿದರು, ಈಗ ನಿಮ್ಮನ್ನು ಕಳಿಸಿದ್ದು ಯಾರು?

"ಮೇಲಿನವರೇ ಆಸಕ್ತಿ ತೋರಿಸಿದ್ದಾರೆ ಸಾರ್. ನೀವು ಹೂಂ ಅಂದರೆ ಸಾಕು. ವೇದಿಕೆ, ಜನ, ಫೋಟೋ, ಊಟ ಎಲ್ಲ ಅವರದ್ದೇ."

ಹೆಡ್‌ಮಾಸ್ತರರು ದನಿ ತಗ್ಗಿಸಿ, ವಯಸ್ಸೆಷ್ಟು ಎಂದರು.

ನಗರಸಭೆಯ ವಯಸ್ಸು ಕೇಳುತ್ತಿದ್ದಾರೆ ಎಂದುಕೊಂಡರು ಡೈರೆಕ್ಟರಿ. "ಈ ವರ್ಷಕ್ಕೆ ಎಪ್ಪತ್ತೈದು. ಆದರೆ ನೋಡಿದರೆ ಹಾಗನ್ನಿಸೋದಿಲ್ಲ ಸಾರ್. ಮೊನ್ನೆ ತಾನೇ ಸುಣ್ಣ ಬಣ್ಣ ಆಗಿದೆ."

ಹೆಡ್‌ಮಾಸ್ತರರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಸ್ವಲ್ಪ ಹೆಚ್ಚಾಯಿತು, ಆದರೂ ಗುಣ ಮುಖ್ಯ ಎಂದು ಒಪ್ಪಿಗೆ ಕೊಟ್ಟು, ಅಂದು ಸಂಜೆಯೇ ಕ್ಷೌರದ ಅಂಗಡಿಗೆ ಹೋಗಿ ಕೂದಲಿಗೆ ಕಪ್ಪು ಹಾಕಿಸಿಕೊಂಡರು.

ಎರಡನೇ ಲಕ್ಷಣದ ಮೇಲೆ ಸೈಕಲ್ ಅಂಗಡಿಯ ಇಬ್ಬರು ಪಾಲುದಾರರ ಬಾಗಿಲು ತಟ್ಟಿದರು. ಮೂವತ್ತು ವರ್ಷದಿಂದ ಒಂದೇ ಮನೆ. ನಿಮ್ಮಿಬ್ಬರ ನಡುವಿನ ಬಾಂಧವ್ಯ ಎಂಥದ್ದು ಎಂದು ಕೇಳಿದಾಗ ತಿಳಿದದ್ದೇನೆಂದರೆ, ಅವರಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿದೆ. ಮೊದಲು ಮನೆ ಬಿಟ್ಟವನು ಸೋತಂತೆ ಎಂದು ಇಬ್ಬರೂ ಕಚ್ಚಿಕೊಂಡು ಕೂತಿದ್ದರು. ಮೂರನೆಯವನೊಬ್ಬ ತಾನಾಗಿ ಸಿಕ್ಕಿದ್ದು ಅವರಿಗೆ ಅನುಕೂಲವೇ ಆಯಿತು. ಬಚ್ಚಲಿನ ಬಕೆಟ್ಟು ಯಾರದ್ದು, ಕಿಟಕಿ ಯಾರು ಮುಚ್ಚಬೇಕು ಎಂಬ ವಿಚಾರಗಳನ್ನು ಆ ಕೋಣೆಯಿಂದ ಈ ಕೋಣೆಗೆ ಹೊತ್ತು ಡೈರೆಕ್ಟರಿಯವರು ಸಂಜೆ ಐದರವರೆಗೆ ದುಡಿದರು.

ಮೂರನೆಯ ದಿನ ಔಷಧಿ ಅಂಗಡಿ. ಅದನ್ನು ನಡೆಸುತ್ತಿದ್ದವನು ಮೂವತ್ತರ ಆಸುಪಾಸಿನ, ಮೆಲುಮಾತಿನವನು. ಒಬ್ಬ ಫೋಟೋಗ್ರಾಫರನ ಜೊತೆ ಮನೆ ಮಾಡಿಕೊಂಡಿದ್ದ. ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ಡೈರೆಕ್ಟರಿಯವರು ಪೆನ್ನಿನ ಮುಚ್ಚಳ ತೆಗೆದು, ಆ ಫೋಟೋಗ್ರಾಫರ್ ನಿಮಗೆ ಏನಾಗಬೇಕು ಎಂದು ಎಲ್ಲರ ಎದುರೇ ಕೇಳಿದರು. ಅವನ ಕೈಯಲ್ಲಿದ್ದ ಮಾತ್ರೆಯ ಹಾಳೆಗಳು ಕೆಳಗೆ ಬಿದ್ದವು. ಸ್ನೇಹಿತ, ಎಂದ. ಡೈರೆಕ್ಟರಿಯವರು ನೋಟ್‌ಬುಕ್‌ನಲ್ಲಿ ಏನೋ ಗೀಚಿಕೊಂಡು ನಡೆದರು. ಮರುದಿನ ಆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ.

ಡೈರೆಕ್ಟರಿಯವರಿಗೆ ಅದನ್ನು ಗಮನಿಸುವಷ್ಟು ಬಿಡುವಿರಲಿಲ್ಲ. ಹೆಡ್‌ಮಾಸ್ತರರ ಕಪ್ಪು ಕೂದಲು ಊರಿಗೆಲ್ಲ ಸುದ್ದಿ ಹರಡಿತ್ತು. ಡೈರೆಕ್ಟರಿಯವರು ಗುಟ್ಟಾಗಿ ಮದುವೆ ಕುದುರಿಸುವ ಕೆಲಸ ಶುರು ಮಾಡಿದ್ದಾರೆ, ಅರವತ್ತೆಂಟಕ್ಕೂ ಹೆಣ್ಣು ಹುಡುಕಿ ಕೊಡುತ್ತಾರೆ, ಹುಟ್ಟಿದ ತಾರೀಖುಗಳೆಲ್ಲ ಕೈಯಲ್ಲೇ ಇವೆ ಎಂದ ಮೇಲೆ ಇವರಿಗಿಂತ ತಕ್ಕವರು ಯಾರು ಎಂದು ಜನ ಮಾತಾಡಿಕೊಂಡರು. ಶನಿವಾರದ ಹೊತ್ತಿಗೆ ಅವರ ಮನೆಯ ಜಗಲಿಯ ಮೇಲೆ ಫೋಟೋ ಹಿಡಿದ ತಂದೆತಾಯಿಗಳು ಸಾಲಾಗಿ ಕೂತಿದ್ದರು. ಹೆಂಡತಿ ಮೊದಲು ಗೊಣಗಿದರು, ಆಮೇಲೆ ಚಹಾ ಕೊಟ್ಟರು, ಆಮೇಲೆ ಇದು ಗಂಡನಿಗಿಂತ ತಮಗೆ ಒಗ್ಗುವ ಕೆಲಸ ಎಂದು ಕಂಡುಕೊಂಡು ಫೋಟೋಗಳನ್ನು ಎತ್ತರದ ಪ್ರಕಾರ ಜೋಡಿಸತೊಡಗಿದರು. ನಾನು ಮಾಡುತ್ತಿರುವುದು ಮದುವೆ ಕೆಲಸವಲ್ಲ ಎಂದು ಡೈರೆಕ್ಟರಿಯವರು ಎಲ್ಲರಿಗೂ ಬಿಡಿಸಿ ಹೇಳಿದರು. ಹಾಗಾದರೆ ಮತ್ತೇನು ಎಂದು ಕೇಳಿದಾಗ, ಅದು ಗುಪ್ತ, ಎಂದರು. ಗುಪ್ತ ಎಂದದ್ದರಿಂದ ಸಾಲು ಇನ್ನೂ ಉದ್ದವಾಯಿತು.

ಆ ಸಾಲನ್ನು ದಾಟಿಕೊಂಡು ನೀರಕ್ಕ ಬಂದರು. ಹಿಂದೆ ಟೀಚರ್. ಅಕ್ಕ ಜಗಲಿಯವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ ಬಾಗಿಲು ಹಾಕಿದ ರೀತಿ ನೋಡಿಯೇ ಡೈರೆಕ್ಟರಿಯವರಿಗೆ ಚಿಕ್ಕಂದಿನಲ್ಲಿ ಇದೇ ಅಕ್ಕನ ಕೈಯಲ್ಲಿ ತಿಂದ ಪೆಟ್ಟುಗಳ ನೆನಪಾಯಿತು.

"ಔಷಧಿ ಅಂಗಡಿ ಹುಡುಗ ಊರು ಬಿಡ್ತಾ ಇದ್ದಾನೆ" ಎಂದರು ಅಕ್ಕ. "ನನಗೆ ಫೋನ್ ಮಾಡಿದ್ದ. ನಗರಸಭೆಯವರು ನಮ್ಮಂಥವರ ಪಟ್ಟಿ ಮಾಡ್ತಿದ್ದಾರಂತೆ, ನನ್ನ ಹೆಸರು ಬರೆದುಕೊಂಡು ಹೋದರು ಅಂತ."

ಗೌರವಿಸುವುದಕ್ಕೆ ತಾನೇ, ಎಂದರು ಡೈರೆಕ್ಟರಿ. ಮತ್ತೆ ಕೇಳಿದರು, ಅವನು ನಿನಗೇಕೆ ಫೋನ್ ಮಾಡಿದ?

ನೀರಕ್ಕ ಕುರ್ಚಿ ಎಳೆದುಕೊಂಡು ತಮ್ಮನ ಎದುರು ಕೂತರು. "ಯಾಕಂದ್ರೆ ನೀನು ಹದಿನಾರು ವಾರ್ಡು ಸುತ್ತಿ ಹುಡುಕ್ತಿರೋದು ನನ್ನನ್ನೇ ಕಣೋ. ನಾನು, ಟೀಚರ್. ಇಪ್ಪತ್ತೆರಡು ವರ್ಷದಿಂದ."

ಡೈರೆಕ್ಟರಿಯವರು ಅಕ್ಕನನ್ನು ನೋಡಿದರು. ಟೀಚರನ್ನು ನೋಡಿದರು. ಹೆಂಡತಿಯ ಕಡೆ ತಿರುಗಿದರೆ ಆಕೆ ಸೂರು ನೋಡುತ್ತಿದ್ದರು. ನಿನಗೆ ಗೊತ್ತಿತ್ತೇ ಎಂದು ಕೇಳಿದರು.

"ಊರಿಗೆಲ್ಲ ಗೊತ್ತು ರೀ" ಎಂದರು ಹೆಂಡತಿ. "ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ."

ಇಂಥ ಗಳಿಗೆಯಲ್ಲಿ ಮನುಷ್ಯ ಏನಾದರೂ ಘನವಾದ ಮಾತು ಆಡಬೇಕು. ಡೈರೆಕ್ಟರಿಯವರ ಬಾಯಿಂದ ಹೊರಟದ್ದು, ಹಾಗಾದರೆ ಟೀಚರ್ ಬಾಡಿಗೆಗೆ ಇರುವುದಲ್ಲವೇ, ಎಂಬ ಪ್ರಶ್ನೆ. ಇಪ್ಪತ್ತೆರಡು ವರ್ಷ, ವಾರಕ್ಕೊಂದು ಊಟ. ಸಾವಿರದ ನೂರು ಸಲ ಆ ಮೇಜಿನ ಮುಂದೆ ಕೂತು ಎದ್ದು ಬಂದಿದ್ದರು. ಅಕ್ಕನಿಗೆ ಜ್ವರ ಬಂದಾಗ ರಜೆ ಹಾಕಿ ಕೂತ ಟೀಚರ್, ಟೀಚರ ತಾಯಿ ತೀರಿಕೊಂಡಾಗ ಮೊದಲು ಹೊರಟ ಅಕ್ಕ, ಎರಡು ಹಲ್ಲುಜ್ಜುವ ಬ್ರಷ್ಷು ಇದ್ದ ಒಂದು ಲೋಟ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು, ಈಗಲಾದರೂ ಗುರುತು ಸಿಕ್ಕಿತೇ ಎಂದು ಕೇಳುವ ಹಾಗಾಯಿತು.

"ಮುಂಚೇನೇ ಯಾಕೆ ಹೇಳಲಿಲ್ಲ?" ಎಂದರು, ಸಣ್ಣ ದನಿಯಲ್ಲಿ.

"ನೀನೇ ಬಾಡಿಗೆಯವರು ಅಂತ ಹೇಳಿಕೊಂಡು ತಿರುಗ್ತಿದ್ದೆ. ಮರ್ಯಾದೆಗೆ ಅಂತ ಮುಚ್ಚಿ ಹೇಳ್ತಿದ್ದೀಯ ಅಂದ್ಕೊಂಡೆ. ನಿನಗೆ ನಾಚಿಕೆ ಅನ್ನಿಸಿದ್ದರೆ ಇರಲಿ, ಬಲವಂತ ಯಾಕೆ ಅಂತ ನಾನೂ ಸುಮ್ಮನಾದೆ." ಅಕ್ಕ ತಮ್ಮನ ಪುಸ್ತಕದ ಕಡೆ ಬೆರಳು ಮಾಡಿದರು. "ಅದು ಬಿಡು. ನಾವೇನು ಕಳ್ಳರೇನೋ, ನೋಟ್‌ಬುಕ್ ಹಿಡಿದು ಪತ್ತೆ ಮಾಡೋದಕ್ಕೆ?"

ಟೀಚರ್ ಆಗ ಬಾಯಿ ಬಿಟ್ಟರು. ಗುರುತಿಸು ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ, ಹಿಡಿದು ತೋರಿಸುವುದು ಒಂದು, ಬೆಲೆ ತಿಳಿದು ಗೌರವಿಸುವುದು ಇನ್ನೊಂದು, ಮೇಡಂ ಎರಡನೆಯದನ್ನು ಹೇಳಿದ್ದಾರೆ, ನೀವು ಮೊದಲನೆಯದರ ಬೆನ್ನು ಹತ್ತಿದ್ದೀರಿ ಎಂದು ಎಂಟನೇ ತರಗತಿಗೆ ಹೇಳುವ ಹಾಗೆ ತಾಳ್ಮೆಯಿಂದ ತಿಳಿಸಿದರು.

ಮರುದಿನ ಬೆಳಿಗ್ಗೆ ಡೈರೆಕ್ಟರಿಯವರು ಔಷಧಿ ಅಂಗಡಿಯವನ ಮನೆಗೆ ಹೋದರು. ನಡುಮನೆಯಲ್ಲಿ ಪೆಟ್ಟಿಗೆಗಳು ಕಟ್ಟಿ ನಿಂತಿದ್ದವು. ಫೋಟೋಗ್ರಾಫರ್ ಬಾಗಿಲಿಗೆ ಅಡ್ಡ ನಿಂತ. ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣ ಹೊಸ್ತಿಲಲ್ಲೇ ಮರೆತುಹೋಯಿತು. ನಾನೊಬ್ಬ ಮುಠ್ಠಾಳ, ನನ್ನಿಂದ ನೀವು ಊರು ಬಿಡಬಾರದು, ಎಂದಷ್ಟೇ ಹೇಳಿ ನೋಟ್‌ಬುಕ್ ಚಾಚಿದರು.

ಅಂಗಡಿಯವನು ತನ್ನ ಹಾಳೆ ಹುಡುಕಿದ. ಅಲ್ಲಿ ಹೀಗೆ ಬರೆದಿತ್ತು: "ಔಷಧಿ ಅಂಗಡಿ. ಅಂಗಿಗೆ ಇಸ್ತ್ರಿ ಇಲ್ಲ. ವಯಸ್ಸು ನಲವತ್ತಾಗಿಲ್ಲ. ಖಂಡಿತ ಇವರಲ್ಲ. ಇನ್ನು ಈ ಕಡೆ ಹುಡುಕುವುದು ವ್ಯರ್ಥ."

ಅವನು ಎರಡು ಸಲ ಓದಿದ. ಫೋಟೋಗ್ರಾಫರನಿಗೆ ತೋರಿಸಿದ. ಆಮೇಲೆ ಪೆಟ್ಟಿಗೆಯ ಮೇಲೆ ಕುಸಿದು ಕೂತು, ನಾಲ್ಕು ದಿನದಿಂದ ಎದೆಯಲ್ಲಿ ಕಟ್ಟಿದ್ದದ್ದೆಲ್ಲ ಬಿಡುವ ಹಾಗೆ ನಕ್ಕ. ಕಣ್ಣಲ್ಲಿ ನೀರೂ ಬಂತು. ಅದು ಯಾವ ಬಗೆಯ ನೀರು ಎಂದು ಡೈರೆಕ್ಟರಿಯವರು ಗುರುತಿಸಲು ಹೋಗಲಿಲ್ಲ. ನೋಟ್‌ಬುಕ್ ಅಲ್ಲೇ ಹರಿದು ಒಲೆಗೆ ಹಾಕಿ, ಪೆಟ್ಟಿಗೆಗಳ ಹಗ್ಗ ಬಿಚ್ಚಲು ನೆರವಾದರು. ಹಗ್ಗದ ಗಂಟು ಬಿಡಿಸಲು ಹೋಗಿ ಇನ್ನೆರಡು ಗಂಟು ಬಿಗಿದದ್ದರಿಂದ ಅವರನ್ನು ಕುರ್ಚಿಯಲ್ಲಿ ಕೂರಿಸಲಾಯಿತು. ಅಂಗಡಿ ಆ ಸಂಜೆ ತೆರೆಯಿತು.

ಸೋಮವಾರ ಕಚೇರಿಗೆ ಬಂದು ಸುತ್ತೋಲೆಯ ಎರಡನೇ ಪುಟ ಓದಿದರು. ಯಾರನ್ನೂ ಹುಡುಕಿಕೊಂಡು ಹೋಗತಕ್ಕದ್ದಲ್ಲ, ಸ್ವತಃ ಒಪ್ಪಿ ಸಹಿ ಮಾಡಿದವರ ಅರ್ಜಿಗಳನ್ನು ಮಾತ್ರ ಸ್ವೀಕರಿಸುವುದು ಎಂದು ದಪ್ಪಕ್ಷರದಲ್ಲಿ ಇತ್ತು. ಮೇಜಿನ ಟ್ರೇಯಲ್ಲಿ ವಾರದಿಂದ ಒಡೆಯದೆ ಬಿದ್ದಿದ್ದ ಲಕೋಟೆಯಲ್ಲಿ ಒಂದು ಅರ್ಜಿ ಇತ್ತು. ಗುಡ್ಡದ ಬೀದಿಗಳ ನಾನ್ನೂರ ಹನ್ನೆರಡು ಜನ, ನಮ್ಮ ಮನೆಗೆ ನೀರು ತಂದ ನೀರಕ್ಕನನ್ನು ಗೌರವಿಸಬೇಕು ಎಂದು ಕೇಳಿದ್ದರು. ಕೆಳಗೆ ನೀರಕ್ಕನ ಒಪ್ಪಿಗೆಯ ಸಹಿ. ಕೇಳಿಕೊಂಡವರ ಸಾಲಿನಲ್ಲಿ ಮೂರನೆಯ ಸಹಿ ಡೈರೆಕ್ಟರಿಯವರ ಹೆಂಡತಿಯದು. ಆಮೇಲೆ ಹೆಡ್‌ಮಾಸ್ತರರದು. ಸೈಕಲ್ ಅಂಗಡಿಯವರೂ ಇದ್ದರು, ಬೇರೆ ಬೇರೆ ಹಾಳೆಗಳಲ್ಲಿ.

ಎಲ್ಲವನ್ನೂ ಆಯುಕ್ತ ಮೇಡಂ ಮುಂದೆ ಒಪ್ಪಿಕೊಂಡರು. ಮೇಡಂ ನಗಲಿಲ್ಲ. ನಿಮ್ಮಿಂದ ಒಬ್ಬರು ಊರು ಬಿಡುವ ಹಾಗಾಗಿತ್ತು ಎಂದು ನಿಧಾನವಾಗಿ ಹೇಳಿ, ಡೈರೆಕ್ಟರಿಯವರ ತಲೆ ಎಷ್ಟು ಕೆಳಗೆ ಹೋಗಬಹುದೋ ಅಷ್ಟು ಹೋಗುವವರೆಗೆ ಕಾದರು. ಆಮೇಲೆ ಶಿಕ್ಷೆ ಹೇಳಿದರು: ಸಮಾರಂಭದಲ್ಲಿ ನೀರಕ್ಕನನ್ನು, ಅವರ ಮನೆಯವರನ್ನು ಸಭೆಗೆ ಪರಿಚಯ ಮಾಡಿಸುವುದು ನೀವೇ.

ಅಕ್ಕನ ಪರಿಚಯ ಬರೆಯಲು ಕಷ್ಟವಾಗಲಿಲ್ಲ. ಪೈಪಿನ ಉದ್ದ, ಟ್ಯಾಂಕಿನ ಎತ್ತರ, ಬೇಸಿಗೆಯಲ್ಲಿ ಏಣಿ ಹತ್ತಿ ಮುಚ್ಚಳ ತೆಗೆದು ನೋಡುತ್ತಿದ್ದದ್ದು, ಒತ್ತಡ ಹಾಕಿದ ದೊಡ್ಡವರಿಗೆ ಸಾಲಿನಲ್ಲಿ ನಿಲ್ಲಿ ಎಂದದ್ದು, ಎಲ್ಲ ಬಂತು. ಪೆನ್ನು ನಿಂತದ್ದು ಟೀಚರ ಹೆಸರಿನ ಹತ್ತಿರ. ಅಕ್ಕನ ಗಂಡ ಭಾವ. ಅಣ್ಣನ ಹೆಂಡತಿ ಅತ್ತಿಗೆ. ಅಕ್ಕನ ಹೆಂಡತಿ ಏನಾಗಬೇಕು? ತಮ್ಮ ಹೆಂಡತಿಯನ್ನು ಕೇಳಿದರು, ಆಕೆ ಹೆಡ್‌ಮಾಸ್ತರರಿಗೆ ಒಬ್ಬ ಅರವತ್ತರ ನರ್ಸಮ್ಮನನ್ನು ಗೊತ್ತು ಮಾಡುವ ಗಡಿಬಿಡಿಯಲ್ಲಿದ್ದರು. ನಿಘಂಟು ನೋಡಿದರು, ಸಿಗಲಿಲ್ಲ. ಟೀಚರನ್ನೇ ಕೇಳಲು ಎರಡು ಸಲ ಹೋಗಿ ನಾಚಿ ವಾಪಸು ಬಂದರು. ಕೊನೆಗೆ ಆ ಜಾಗವನ್ನು ಖಾಲಿ ಬಿಟ್ಟು, ನಿಂತಾಗ ಹೊಳೆಯುತ್ತದೆ ಎಂದು ಹಾಳೆ ಮಡಚಿಟ್ಟರು.

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ಗುಡ್ಡದ ಬೀದಿಗಳವರು ಅರ್ಧಕ್ಕೂ ಹೆಚ್ಚು. ನೀರಕ್ಕ ವೇದಿಕೆಯ ಮೇಲೆ, ಟೀಚರ್ ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ. ಅಭ್ಯಾಸಬಲದಿಂದ ಅಲ್ಲೇ ಕೂತಿದ್ದರು. ಡೈರೆಕ್ಟರಿಯವರು ಅಕ್ಕನ ಬಗ್ಗೆ ಓದಿದರು. ಚಪ್ಪಾಳೆ ಬಿತ್ತು. ಆಮೇಲೆ ಖಾಲಿ ಜಾಗ ಬಂತು. ಏನೂ ಹೊಳೆಯಲಿಲ್ಲ.

"ಇಷ್ಟು ವರ್ಷ ನಾನು ಇವರನ್ನ ನಿಮಗೆಲ್ಲ ಅಕ್ಕನ ಬಾಡಿಗೆಯವರು ಅಂತ ಹೇಳ್ತಿದ್ದೆ" ಎಂದರು, ಹಾಳೆ ಬಿಟ್ಟು. "ನನ್ನ ದಡ್ಡತನಕ್ಕೆ ಅಕ್ಕ ಬೇರೆ ಅರ್ಥ ಮಾಡ್ಕೊಂಡಿದ್ದಳು, ನನಗೆ ನಾಚಿಕೆ ಅಂತ. ನಾಚಿಕೆ ಇರಲಿಲ್ಲ. ಈಗ ಇದೆ, ಆದರೆ ಅದು ನನ್ನ ಬಗ್ಗೆ. ಅಲ್ಲಿ ಕೊನೇ ಕುರ್ಚಿಯಲ್ಲಿ ಕೂತಿರೋರು ನಮ್ಮ..." ಹಾಳೆಯ ಖಾಲಿ ಜಾಗವನ್ನು ಇನ್ನೊಮ್ಮೆ ನೋಡಿದರು. "ನಮ್ಮ ಭಾವ."

ಆಮೇಲೆ ಹಿಂದಿನ ಸಾಲಿನಿಂದ ನಗು ಹೊರಟು ಮುಂದಕ್ಕೆ ಹರಿದು ಬಂತು. ಡೈರೆಕ್ಟರಿಯವರು ಬೆವತು, ಅಲ್ಲ, ಅತ್ತಿಗೆ, ಅಂದರೆ ವ್ಯಾಕರಣದ ಪ್ರಕಾರ, ಎಂದು ತೊದಲುವಾಗ ಟೀಚರ್ ಎದ್ದು ನಿಂತಿದ್ದರು. ವೇದಿಕೆಯ ಮೇಲೆ ನೀರಕ್ಕ ಕನ್ನಡಕ ತೆಗೆದು ಒರೆಸುತ್ತಿದ್ದರು.

ಟೀಚರ್ ನೆಟ್ಟಗೆ ನಡೆದು ಮೆಟ್ಟಿಲು ಹತ್ತಿ ಬಂದು ಡೈರೆಕ್ಟರಿಯವರ ಪಕ್ಕ ನಿಂತರು. ಡೈರೆಕ್ಟರಿಯವರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು.

"ಭಾವ ಅಂತಲೇ ಇರಲಿ ಬಿಡು" ಎಂದರು ಟೀಚರ್. ಇಪ್ಪತ್ತೆರಡು ವರ್ಷ ನೀವು, ತಾವು ಎಂದವರು ಮೊದಲ ಸಲ ಏಕವಚನಕ್ಕೆ ಇಳಿದಿದ್ದರು. "ವ್ಯಾಕರಣ ನಾನು ನೋಡ್ಕೋತೀನಿ. ಭಾವನಿಗಾದರೆ ಮೈದುನನ್ನ ಗೇಲಿ ಮಾಡೋ ಹಕ್ಕಿರುತ್ತೆ. ಇಷ್ಟು ವರ್ಷ ನಿನ್ನ ಎದುರು ಬಾಯಿ ಕಟ್ಟಿಕೊಂಡು ಕೂತಿದ್ದೀನಲ್ಲ, ಆ ಕಷ್ಟ ನನಗೆ ಮಾತ್ರ ಗೊತ್ತು."

ಡೈರೆಕ್ಟರಿಯವರು ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟರು. ಆಮೇಲೆ ಕೆಳಗಿಳಿದು ಹೋಗಿ, ಮನೆಯವರ ಸಾಲಿನಲ್ಲಿ ಕೂತು, ತಮ್ಮ ಬಗ್ಗೆ ಕೇಳಲು ಸಿದ್ಧರಾದರು.